ಒಡೆಯದ ಹಾಲು

ಭಂಕೂರ, ೧೯೭೧

ಮಾರ್ಚ್ ೧೪, ಭಾನುವಾರ

ಜನಗಣತಿಗೆಂದು ಊರಿನ ಅರ್ಧ ಮನೆಗಳನ್ನು ನನಗೆ ಹಚ್ಚಿದ್ದಾರೆ. ಶಾಲೆಯಲ್ಲಿ ದಿನಾ ಮಕ್ಕಳ ತಲೆ ಎಣಿಸುವವಳಿಗೆ ಎಣಿಕೆ ಹೊಸದೇನಲ್ಲ. ಆದರೆ ಗಂಡನಿರುವ ಪ್ರತಿ ಹೆಂಗಸಿಗೂ, ಕಳೆದ ಒಂದು ವರ್ಷದಲ್ಲಿ ಕೂಸು ಹುಟ್ಟಿದೆಯೇ ಎಂದು ಕೇಳಬೇಕು. ಕೇಳಿದ ಕಡೆಯಲ್ಲೆಲ್ಲ ಅವರು ಮೊದಲು ಉತ್ತರ ಹೇಳುತ್ತಾರೆ, ಆಮೇಲೆ ನನ್ನ ಹೊಟ್ಟೆಯ ಕಡೆ ನೋಡುತ್ತಾರೆ.

ಇವತ್ತು ನಮ್ಮ ಮನೆಯ ಸರದಿ. ನಾನೇ ಕೇಳಿ ನಾನೇ ಹೇಳಿಕೊಳ್ಳಬೇಕು. ಯಜಮಾನ ದೇವೀಂದ್ರಪ್ಪ, ನಲವತ್ತೆಂಟು, ಫರಸಿ ಕಲ್ಲಿನ ಖಣಿಯಲ್ಲಿ ಮೇಸ್ತ್ರಿ. ಅವರ ತಾಯಿ ಭೀಮಮ್ಮ, ವಯಸ್ಸು ಆಕೆಗೇ ಗೊತ್ತಿಲ್ಲ. ಹೆಂಡತಿ ಅಂಬುಬಾಯಿ, ಅಂದರೆ ನಾನು, ನಲವತ್ತೊಂದು, ಕನ್ಯಾಶಾಲೆಯ ಟೀಚರು. ಕೂಸಿನ ಪ್ರಶ್ನೆ ಬಂದಾಗ ಅತ್ತೆ ಕಟ್ಟೆಯ ಮೇಲಿಂದಲೇ, "ಅಲ್ಲೇನ್ ವಿಚಾರ ಮಾಡ್ತಿ, ಸೊನ್ನಿ ಬರಿ" ಎಂದಳು. ಬರೆದೆ.

ಕೊನೆಯ ಹೆಸರು ಚಂದಮ್ಮ, ಇಪ್ಪತ್ಮೂರು, ವಿಧವೆ, ಏಳನೆಯ ಇಯತ್ತೆಯ ಮುಲ್ಕಿ ಪಾಸು. ಇವರ ಸತ್ತ ಅಕ್ಕನ ಮಗಳು. ಗಂಡ ತೀರಿಕೊಂಡ ಮೇಲೆ ಮಳಖೇಡದಿಂದ ಇಲ್ಲಿಗೆ ಬಂದಿದ್ದಾಳೆ. ಯಜಮಾನನಿಗೆ ಏನಾಗಬೇಕು ಎಂಬಲ್ಲಿ ಅಕ್ಕನ ಮಗಳು ಎಂದು ಬರೆದೆ. ಮುಂದಿನ ಗಣತಿಗೆ ಏನು ಬರೆಯಬೇಕಾಗುತ್ತದೋ. ಇವಳನ್ನು ಇವರಿಗೇ ಉಡಿಕಿ ಮಾಡಿಸಬೇಕೆಂದು ಅತ್ತೆ ಹಟ ಹಿಡಿದಿದ್ದಾಳೆ. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನ ಕೈಗೆ ಕೊಡುವುದು ನಮ್ಮವರಲ್ಲಿ ಹಿಂದಿನಿಂದ ಇದೆ. ಅದಕ್ಕೆ ಹಂದರ ಬೇಡ, ಬಾಜಾಬಜಂತ್ರಿ ಬೇಡ. ಸೋದರಮಾವನೆಂದರೆ ಮೊದಲ ಹಕ್ಕೂ ಅವನದೇ. ಒಂದು ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬಾರದೆಂಬ ಕಾಯದೆ ದಿಲ್ಲಿಯಿಂದ ಹೊರಟಿದೆ, ಭಂಕೂರಿನ ತನಕ ಇನ್ನೂ ಬಂದಿಲ್ಲ.

ಯುಗಾದಿ ಆಗಲಿ ಎಂದಿದ್ದಾಳೆ ಅತ್ತೆ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಹುಡುಗಿ ಒಳಗೆ ರೊಟ್ಟಿ ಬಡಿಯುತ್ತಿದ್ದರೆ ನನ್ನ ತಲೆಯ ಮೇಲೇ ಬಡಿದ ಹಾಗಾಗುತ್ತದೆ.

ಒಂದು ಮಾತು ಯಾರಿಗೂ ಹೇಳಿಲ್ಲ. ಸಂಕ್ರಮಣದ ನಂತರ ನಾನು ಹೊರಗಾಗಿಲ್ಲ. ಶಾಲೆಗೆ ಹೋಗುವವಳೆಂದು ಮೂರು ದಿನ ದೂರ ಕೂಡುವ ರೂಢಿ ನನಗೆ ಎಂದೋ ತಪ್ಪಿದೆ, ಹಾಗಾಗಿ ಅತ್ತೆಗೆ ಗೊತ್ತಾಗಿಲ್ಲ.

ಮಾರ್ಚ್ ೨೭, ಯುಗಾದಿ

ಬೇವು-ಬೆಲ್ಲ ಬಾಯಿಗಿಟ್ಟುಕೊಂಡ ಕೂಡಲೇ ಹೊಟ್ಟೆ ತೊಳಸಿ ಬಂತು. ಬಚ್ಚಲಿಗೆ ಓಡಿದೆ. ಅತ್ತೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟ್ ದಿನ ಆತು?"

"ಎರಡ್ ತಿಂಗಳ ದಾಟ್ಯಾವ್ರಿ."

ಮುಖ ತೊಳೆದು ಬರುವಷ್ಟರಲ್ಲಿ ಸೂಲಗಿತ್ತಿ ಜೈತುನ್ಬೀ ನಡುಮನೆಯಲ್ಲಿ ಕೂತಿದ್ದಳು. ಊರಿನ ಅರ್ಧ ಮಕ್ಕಳು ಅವಳ ಕೈಯಿಂದಲೇ ಭೂಮಿಗೆ ಬಂದವರು. ನನ್ನ ಮುಂಗೈ ಹಿಡಿದು ಕಣ್ಣು ಮುಚ್ಚಿದಳು.

"ನಾಡಿ ಎರಡು ನಡದಾವ ಭೀಮವ್ವಾ. ಒಂದ್ ದೊಡ್ಡದು, ಒಂದ್ ಸಣ್ಣದು. ಅಲ್ಲಾನ ಮೆಹರಬಾನಿ."

"ನಿನ್ನ ನಾಡಿ ಎಂದಾರ ತಪ್ಯದೇನು ಖಾಲಾ?" ಎಂದು ಕೇಳಿದೆ.

"ಕೂಸು ಬರ್ಲಿಲ್ಲಂದ್ರ ನಡುವ ಹೋತು ಅಂತ ತಿಳೀಬೇಕು. ನಾಡಿ ತಪ್ಪಂಗಿಲ್ಲ."

ಇಂಥ ಪರೀಕ್ಷೆಯಲ್ಲಿ ಯಾವ ಮಾಸ್ತರನಾದರೂ ನಪಾಸಾಗುವುದು ಹೇಗೆ? ಅತ್ತೆ ಖಾತ್ರಿ ಆಗುವ ತನಕ ಉಡಿಕಿ ಮಾತು ತಡೆಯುತ್ತೇನೆ ಎಂದಳು. ಖಣಿಯಿಂದ ಬಂದ ಇವರಿಗೆ ಸುದ್ದಿ ಹೇಳಿದಾಗ ಕಾಲು ತೊಳೆಯುತ್ತ ಬಹಳ ಹೊತ್ತು ನಿಂತರು. ಆಮೇಲೆ ಒಂದು ಬೆಲ್ಲದ ಚೂರು ತಂದು ನನ್ನ ಕೈಯಲ್ಲಿಟ್ಟು, ಮುಖ ನೋಡದೆ ಹೊರಗೆ ಹೋದರು.

ಏಪ್ರಿಲ್ ೬, ಮಂಗಳವಾರ

ಖಾತ್ರಿ ನನಗೂ ಬೇಕು. ಗೊಲ್ಲಾಳಪ್ಪ ಹಿಂದೆ ಎಲ್ಲೋ ಕಂಪೌಂಡರ ಆಗಿದ್ದವನು, ಈಗ ವಾರಕ್ಕೊಮ್ಮೆ ಸೈಕಲ್ಲಿನ ಮೇಲೆ ಬಂದು ಚಾವಡಿ ಕಟ್ಟೆಯಲ್ಲೇ ದವಾಖಾನೆ ನಡೆಸುತ್ತಾನೆ. ಶಾಲೆ ಬಿಟ್ಟ ಮೇಲೆ ಅವನ ಹತ್ತಿರ ಹೋದೆ. ಎರಡು ಗುಳಿಗೆ ಕೊಟ್ಟ.

"ಇವತ್ತೊಂದು, ನಾಳಿಗೊಂದು ತಗೋರಿ ಬಾಯೋರ. ವಾರದೊಳಗ ಹೊರಗಾದ್ರಿ ಅಂದ್ರ ಹೊಟ್ಟ್ಯಾಗ ಏನಿಲ್ಲ. ಆಗ್ಲಿಲ್ಲಂದ್ರ ಕೂಸು ಖರೆ."

"ಕೂಸಿದ್ರ ಅದಕ್ಕೇನು ತ್ರಾಸ ಆಗಂಗಿಲ್ಲಲ್ಲ?"

"ಏನಿಲ್ರಿ. ದೊಡ್ಡ ದೊಡ್ಡ ಡಾಕ್ಟರೇ ಬರದು ಕೊಡ್ತಾರ."

ಮನೆಯಲ್ಲಿ ಶಕ್ತಿಯ ಗುಳಿಗೆ ಎಂದು ಹೇಳಿ ನುಂಗಿದೆ.

ಏಪ್ರಿಲ್ ೧೨, ಸೋಮವಾರ

ಹೊರಗಾದೆ.

ಏಪ್ರಿಲ್ ೧೩, ಮಂಗಳವಾರ

ಸ್ವಲ್ಪವೇ. ಆದರೆ ಹೋಗಿದೆ ಎಂದು ತಿಳಿಯಲು ಅಷ್ಟು ಸಾಕು. ಬಟ್ಟೆಯನ್ನು ಕಟ್ಟಿಗೆಯ ಹಿಂದೆ ತುರುಕಿ ಶಾಲೆಗೆ ಹೋಗಿದ್ದೆ, ಬಂದು ನೋಡಿದರೆ ಅಲ್ಲಿ ಇರಲಿಲ್ಲ.

"ನಾ ಒಗದು ಒಣಗಿಸೀನಿ ಅತ್ತಿ. ಆಯಿ ನೋಡಿಲ್ಲ" ಎಂದಳು ಚಂದಮ್ಮ.

ಕಳ್ಳತನ ಸಿಕ್ಕಿಬಿದ್ದವಳ ಸಿಟ್ಟು ನನಗೆ ಬಂತು. "ಛಲೋ ಆತಲ್ಲ ನಿನಗ. ಹೋಗು, ಹೋಗಿ ಹೇಳು ನಿಮ್ಮ ಆಯಿಗಿ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಸಣ್ಣಾಕಿದ್ದಾಗ ಮಾಮಾ ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಕಾಗಿಣಾ ಹೊಳಿ ದಾಟಸ್ತಿದ್ರು. ಅವರಿಗಿ ನಾ ಹೆಂಡ್ತಿ ಹ್ಯಾಂಗ ಆಗ್ಲಿ? ನಿಮಗ ಕೂಸಾಗ್ಲಿ ಅಂತ ನಾ ದಿನಾ ಬೇಡ್ಕೋತೀನಿ ಅತ್ತಿ. ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ."

ಸೊಕ್ಕು ನೋಡು. ಆದರೂ ಸುಳ್ಳು ಹೇಳಲಿಲ್ಲ.

ಶಹಾಬಾದಿಗೆ ಹೈದರಾಬಾದಿನಲ್ಲಿ ಓದಿದ ಡಾಕ್ಟರಮ್ಮ ಒಬ್ಬಳು ಬಂದಿದ್ದಾಳಂತೆ, ಗಾಜಿನ ಮೇಲೆ ಮೂತ್ರದ ಹನಿ ಹಾಕಿ ನಿಂತ ಕಾಲಲ್ಲೇ ಹೇಳುತ್ತಾಳಂತೆ. ಇದೂ ಚಂದಮ್ಮನೇ ಹೇಳಿದ್ದು. ಗುಳಿಗೆ ಕೂಸನ್ನು ಅಲುಗಿಸಿರಬಹುದು, ಕಳೆದಿರಲಿಕ್ಕಿಲ್ಲ ಎಂದಳು. ಅವಳಿಗೇನು ಗೊತ್ತು. ಆದರೆ ಅದನ್ನೇ ಹಿಡಿದುಕೊಂಡು ಇವತ್ತಿಡೀ ಕಳೆದೆ.

ಏಪ್ರಿಲ್ ೧೯, ಸೋಮವಾರ

ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೂದಿ ಹಾಕಿ ತೊಳೆದು, ಬೆಳಗಿನ ಮೊದಲ ಮೂತ್ರ ಹಿಡಿದುಕೊಂಡು ಶಹಾಬಾದಿಗೆ ಹೋದೆ. ಜೊತೆಗೆ ಚಂದಮ್ಮ. ಬಸ್ಸಿನಲ್ಲಿ ಪಕ್ಕದವಳು ಬಾಟಲಿಯಲ್ಲಿ ಏನೆಂದು ಕೇಳಿದಳು. ಚಂದಮ್ಮ ಒಂದು ಗಳಿಗೆಯೂ ಯೋಚಿಸದೆ ದನದ ಔಷಧ ಎಂದಳು. ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಡಾಕ್ಟರ್ ನೂರಜಹಾನ್ ವಯಸ್ಸಿನಲ್ಲಿ ನನ್ನ ಕೊನೆಯ ತಂಗಿಯಷ್ಟಿರಬಹುದು. ನಿಮ್ಮ ವಯಸ್ಸೆಷ್ಟು ಎಂದು ಕೇಳಿದಳು. ನಲವತ್ತೊಂದು ಎಂಬ ಮಾತು ಬಾಯಿಗೆ ಬಂದು ನಿಂತಿತು. ಈ ವಯಸ್ಸಿಗೆ ಬಸುರು ಕೇಳಲು ಬಂದಿದ್ದಾಳೆಂದು ನಕ್ಕರೆ? ಮೂವತ್ತೈದು ಎಂದೆ. ಚಂದಮ್ಮ ನನ್ನ ಮುಖ ನೋಡಿದಳು.

ಕರಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟು, ಅದಕ್ಕೆ ಒಂದು ಔಷಧ ಸೇರಿಸಿ, ಆಮೇಲೆ ಹಾಲಿನಂಥ ಇನ್ನೊಂದು ಹನಿ ಹಾಕಿ ಕಡ್ಡಿಯಿಂದ ಕಲಸಿದಳು.

"ಈ ಹಾಲು ಒಡದು ಕಣಕಣ ಆತು ಅಂದ್ರ ಕೂಸಿಲ್ಲ. ಒಡೀದೆ ಹಿಂಗೇ ಉಳೀತು ಅಂದ್ರ ಅದ. ದೇಖೋ, ನೀವೇ ನೋಡ್ರಿ."

ಗಾಜನ್ನು ಮೆಲ್ಲಗೆ ಆಡಿಸುತ್ತಿದ್ದಳು. ಚಂದಮ್ಮ ನನ್ನ ಮೊಳಕೈ ಹಿಡಿದಿದ್ದು ನೋಯುತ್ತಿತ್ತು. ಮನೆಯಲ್ಲಿ ಎಷ್ಟೋ ಸಲ ಹಾಲು ಒಡೆದಿದೆ, ಒಂದು ದಿನವೂ ಹೀಗೆ ದೇವರನ್ನು ಕರೆದಿರಲಿಲ್ಲ. ಹಾಲು ಒಡೆಯಲಿಲ್ಲ.

"ಮುಬಾರಕ್" ಎಂದಳು ಡಾಕ್ಟರು.

ಗುಳಿಗೆಯ ಮಾತು ಹೇಳಿದೆ. ಅವಳಿಗೆ ಸಿಟ್ಟು ಬಂತು. "ಅಂಥವು ತಗೋಬಾರದು. ಕೂಸಿದ್ರೂ ಒಬ್ಬೊಬ್ಬರಿಗಿ ಸ್ವಲ್ಪ ಕಾಣಿಸ್ತದ, ಅಂಜಬ್ಯಾಡ್ರಿ."

"ಇದು ಪೂರಾ ಖರೆ ಹೇಳ್ತದೇನ್ರಿ?"

"ನೂರಕ್ಕ ತೊಂಬತ್ತೈದು."

ನನ್ನ ತರಗತಿಯಲ್ಲಿ ಇದುವರೆಗೆ ಯಾರೂ ತೊಂಬತ್ತೈದು ತೆಗೆದಿಲ್ಲ. ಬರುವಾಗ ಪೇಢೆ ಕೊಂಡೆವು. ಬಾಟಲಿ ಅಲ್ಲೇ ಮರೆತು ಬಂದೆವು.

ಏಪ್ರಿಲ್ ೨೫, ಭಾನುವಾರ

ಅತ್ತೆ ತೆಂಗಿನಕಾಯಿ ಒಡೆದಳು. ಉಡಿಕಿಯ ಮಾತು ಇನ್ನು ಈ ಮನೆಯಲ್ಲಿ ಬೇಡ ಎಂದು ತಾನೇ ಅಂದಳು. ನನಗೆ ನೀರು ಎತ್ತಲು ಬಿಡುವುದಿಲ್ಲ, ಹೊಸ್ತಿಲಲ್ಲಿ ಕೂಡಲು ಬಿಡುವುದಿಲ್ಲ. ಇವರು ಖಣಿಯಿಂದ ಬರುವಾಗ ದಿನಾ ಹುಣಸೆಕಾಯಿ ತರುತ್ತಾರೆ. ನನಗೆ ಹುಳಿ ಬೇಕೆನಿಸುವುದಿಲ್ಲ, ಆದರೂ ತಿನ್ನುತ್ತೇನೆ.

ಗುಲಬರ್ಗಾದಲ್ಲಿ ದಾಯಿಯರ, ಅಂದರೆ ಸೂಲಗಿತ್ತಿಯರ, ಟ್ರೇನಿಂಗಿಗೆ ಮುಲ್ಕಿ ಪಾಸಾದ ಹುಡುಗಿಯರು ಬೇಕಂತೆ, ವಿಧವೆಯರಿಗೆ ಮೊದಲ ಜಾಗವಂತೆ. ಆ ದಿನ ಡಾಕ್ಟರಮ್ಮ ಚಂದಮ್ಮನಿಗೆ ಹೇಳಿದ್ದಳು. ಅತ್ತೆಯನ್ನು ಕೇಳಿದೆ. "ಹೋದ್ರ ಹೋಗ್ಲಿ, ಇಲ್ಲಿ ಇನ್ನೇನದ ಆಕಿಗಿ" ಎಂದಳು. ಎಷ್ಟು ಸಲೀಸು. ಅರ್ಜಿ ನಾನೇ ಬರೆದೆ, ಅವಳ ಅಕ್ಷರ ಕಾಗೆಕಾಲು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹೊಟ್ಟೆಯ ಮೇಲೆ ಕೈಯಿಟ್ಟು ಮಗ್ಗಿ ಹೇಳಿದೆ. ಇವತ್ತು ಏಳರ ತನಕ ಆಯಿತು. ಕೂಸು ದಡ್ಡ ಆಗಬಾರದು.

ಮೇ ೯, ಭಾನುವಾರ

ಬಿಸಿಲು ಹೊರಗಿದೆಯೋ ನನ್ನೊಳಗಿದೆಯೋ ತಿಳಿಯುವುದಿಲ್ಲ. ಸುಮ್ಮನೆ ಕೂತಿರುವಾಗ ಎದೆಯಿಂದ ಬೆಂಕಿ ಎದ್ದು ಕಿವಿಯ ತನಕ ಹೋಗುತ್ತದೆ, ಕುಪ್ಪಸ ತೊಯ್ದು ತೊಪ್ಪೆಯಾಗುತ್ತದೆ, ಹಿಂದೆಯೇ ಚಳಿ. ಬಸುರಿನಲ್ಲಿ ಎಲ್ಲ ಆಗುತ್ತದೆ ಎನ್ನುತ್ತಾಳೆ ಅತ್ತೆ. ಆದರೆ ಹೊಟ್ಟೆ ಇದ್ದ ಹಾಗೇ ಇದೆ. ನೆರಿಗೆ ಅಲ್ಲೇ ನಿಲ್ಲುತ್ತದೆ. ನಿನ್ನೆ ಏನೂ ತಪ್ಪಿಲ್ಲದೆ ಇವರ ಮೇಲೆ ಹರಿಹಾಯ್ದೆ. ಮಗ್ಗಿ ಹತ್ತರ ಮುಂದೆ ಹೋಗಿಲ್ಲ.

ಚಂದಮ್ಮನಿಗೆ ಭಾಗಾಕಾರ ಬರುವುದಿಲ್ಲ. ಗುಲಬರ್ಗಾದಲ್ಲಿ ಏನಾದರೂ ಕೇಳಿ ಇವಳು ಬಾಯಿ ಬಿಟ್ಟರೆ ಭಂಕೂರಿನವರ ಮಾನ ಹೋಗುತ್ತದೆ. ಅದಕ್ಕೇ ದಿನಾ ಒಂದು ಗಂಟೆ ಕೂಡಿಸಿಕೊಳ್ಳುತ್ತೇನೆ, ಬೇರೇನಿಲ್ಲ. ತಲೆ ಬಾಚಿಕೊಳ್ಳದೆ ಬರುತ್ತಾಳೆ. ಅದನ್ನೂ ನಾನೇ ಬಾಚಬೇಕು. ಕೂದಲು ದಟ್ಟ, ಎಣ್ಣೆ ಎಷ್ಟು ಹಚ್ಚಿದರೂ ಕುಡಿದುಬಿಡುತ್ತದೆ.

ಮೇ ೧೮, ಮಂಗಳವಾರ

ಇವರೊಂದಿಗೆ ಗುಲಬರ್ಗಾಕ್ಕೆ ಹೋಗಿ ಬಂದೆ. ಅಲ್ಲಿ ಒಬ್ಬ ಶೌಕತ ಅಲಿ, ಗಲ್ಲಿಯ ಒಳಗೆ ಸ್ವಂತ ಲ್ಯಾಬು ಇಟ್ಟುಕೊಂಡಿದ್ದಾನೆ. ಕಪ್ಪೆಯ ಪರೀಕ್ಷೆ ಮಾಡುತ್ತಾನೆ. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ, ಮೇಲೆ ಹಸಿ ಗೋಣಿ. ತೆಗೆದು ತೋರಿಸಿದ. ಏಳೆಂಟು ದಪ್ಪ ಕಪ್ಪೆಗಳು ಗದ್ದ ನೆಲಕ್ಕೆ ಹಚ್ಚಿ ಕೂತಿದ್ದವು.

"ಎಲ್ಲಾ ಗಂಡ್ರಿ ಇವು. ಹೆಣ್ಮಕ್ಕಳ ಮೂತ್ರ ಇವಕ್ಕ ಚುಚ್ಚತೀವಿ. ಹೊಟ್ಟ್ಯಾಗ ಕೂಸಿತ್ತಂದ್ರ ಇವು ಬೀಜಾ ಬಿಡ್ತಾವ, ದುರ್ಬೀನದಾಗ ಕಾಣಿಸ್ತದ."

ಇವರು ನೆಲ ನೋಡುತ್ತ ನಿಂತರು. ಮನೆಯ ಗಂಡಸು ಬಾಯಿ ಬಿಡುವುದಿಲ್ಲ, ಇಲ್ಲಿ ಗಂಡುಗಪ್ಪೆಯನ್ನು ಕೇಳಿ ತಿಳಿದುಕೊಳ್ಳಬೇಕು. ನನ್ನ ಹಣೆಬರಹಕ್ಕೆ ನನಗೇ ನಗು ಬಂತು.

ಮಧ್ಯಾಹ್ನದ ತನಕ ಅಲ್ಲೇ ಬೆಂಚಿನ ಮೇಲೆ ಕೂತೆವು. ಕಪ್ಪೆ ಏನೂ ಬಿಡಲಿಲ್ಲ.

"ಕೂಸಿಲ್ಲಂದಂಗೇನು?" ಎಂದೆ.

"ಹಂಗಂತ ಹೇಳಾಕ ಬರಂಗಿಲ್ರಿ. ಬ್ಯಾಸಗ್ಯಾಗ ಇವು ಸುಸ್ತ ಇರ್ತಾವ. ಹೌದಂದ್ರ ಹೌದೇ. ಇಲ್ಲಂದ್ರ ಈಗ ನಂಬಬ್ಯಾಡ್ರಿ. ಮಳಿ ಬಿದ್ದ ಮ್ಯಾಲ ಬರ್ರಿ."

ಎಲ್ಲ ಪರೀಕ್ಷೆಗಳಿಗೂ ಒಂದೊಂದು ನೆಪ ಇದೆ. ಯಾವುದೂ ನನ್ನನ್ನು ಪಾಸೂ ಮಾಡುವುದಿಲ್ಲ, ನಪಾಸೂ ಮಾಡುವುದಿಲ್ಲ.

ರೈಲಿನಲ್ಲಿ ಇವರು ತಾವಾಗಿಯೇ ಮಾತಾಡಿದರು. ಇಷ್ಟು ವರ್ಷದಲ್ಲಿ ಇವರು ಒಮ್ಮೆಗೇ ಇಷ್ಟು ಮಾತಾಡಿದ್ದು ನೆನಪಿಲ್ಲ. "ಚಂದಿ ನನ್ನ ಹೆಗಲ ಮ್ಯಾಲ ಆಡಿದ ಕೂಸು. ಅವ್ವಗ ಒಲ್ಲೆ ಅನ್ನಾಕ ನನ್ನ ಕೈಲೆ ಆಗ್ಲಿಲ್ಲ. ನಿನ್ನ ಹೊಟ್ಯಾಗ ಇದು ಬಂದು ನನ್ನ ಉಳಸ್ತು."

ಇಂಥ ದೊಡ್ಡ ಆಳು, ಕಲ್ಲು ಸೀಳುವವನು, ನನ್ನ ಹೊಟ್ಟೆಯ ಹಿಂದೆ ಅಡಗಿ ಕೂತಿದ್ದಾನೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮೇ ೨೬, ಬುಧವಾರ

ಒಬ್ಬಳೇ ಶಹಾಬಾದಿಗೆ ಹೋದೆ. ಡಾಕ್ಟರಮ್ಮನಿಗೆ ಬೆಂಕಿ, ಬೆವರು, ಕಪ್ಪೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು.

"ನಿಮ್ಮ ಉಮರ ಖರೆ ಎಷ್ಟು?"

ಹೇಳಿದೆ.

ಮಲಗಿಸಿ ಕೈಯಿಂದ ಒಳಗೆ ನೋಡಿದಳು. ಎಷ್ಟೋ ಹೊತ್ತು ಅನಿಸಿತು. ಆಮೇಲೆ ಕೈ ತೊಳೆದು ಬಂದು ಕುರ್ಚಿ ಎಳೆದು ನನ್ನ ಹತ್ತಿರವೇ ಕೂತಳು.

"ಕೂಸಿಲ್ಲ ಬಾಯೋರ. ಇದ್ದಿದ್ರ ಈಗ ಗರ್ಭದ ಚೀಲ ಕೈಗಿ ಸಿಗಬೇಕಿತ್ತು. ನಿಮ್ಮ ಮುಟ್ಟು ನಿಲ್ಲಲಿಕತ್ತದ. ಒಬ್ಬೊಬ್ಬರಿಗಿ ಜಲ್ದಿ ನಿಲ್ತದ."

"ಹಾಲು ಒಡೀಲಿಲ್ಲಲ್ರಿ."

"ಮುಟ್ಟು ನಿಲ್ಲೂ ಕಾಲಕ್ಕ ಮೈಯಾಗ ಒಂದು ರಸ ಭಾಳ ಆಗ್ತದ. ಬಸುರಿನ ರಸಾನೂ ಅದೂ ನೋಡಾಕ ಅಕ್ಕತಂಗ್ಯಾರು. ನನ್ನ ಗಾಜಿಗಿ ಅವರ ಫರಕ ಗೊತ್ತಾಗಂಗಿಲ್ಲ. ನಲವತ್ತು ದಾಟ್ಯದ ಅಂತ ಹೇಳಿದ್ರ ಆವತ್ತೇ ಕೈ ಹಚ್ಚಿ ನೋಡ್ತಿದ್ದೆ."

ಗೊಲ್ಲಾಳಪ್ಪನ ಗುಳಿಗೆ ಮೊದಲೇ ಇಲ್ಲ ಎಂದಿತ್ತು. ಕಪ್ಪೆಯೂ ಇಲ್ಲ ಎಂದಿತ್ತು. ಹೌದು ಎಂದದ್ದನ್ನು ಮಾತ್ರ ನಾನು ನಂಬಿದೆ, ಅದಕ್ಕೂ ಸುಳ್ಳು ವಯಸ್ಸು ಹೇಳಿದೆ. ನೂರರಲ್ಲಿ ಉಳಿದ ಐದು ಯಾರ ಪಾಲಿಗೆ ಎಂದು ಆವತ್ತು ಕೇಳಬೇಕಿತ್ತು.

ಬಸ್ಸಿನಲ್ಲಿ ಜಾಗವಿತ್ತು, ಆದರೂ ನಿಂತೇ ಬಂದೆ.

ಮೇ ೨೭, ಗುರುವಾರ

ಮನೆಯಲ್ಲಿ ಹೇಳಿಲ್ಲ. ನಾಳೆ ಹೇಳುತ್ತೇನೆ.

ಜೂನ್ ೧, ಮಂಗಳವಾರ

ಚಂದಮ್ಮನಿಗೆ ಟ್ರೇನಿಂಗಿನ ಕರೆ ಬಂದಿದೆ. ಹದಿನಾಲ್ಕಕ್ಕೆ ಹಾಜರಾಗಬೇಕು. ಓಡಿ ಬಂದು ನನ್ನ ಕುತ್ತಿಗೆಗೇ ಬಿದ್ದಳು. ಜೋತಾಡಬೇಡ, ಹೊಟ್ಟೆಯಲ್ಲಿ ಕೂಸಿದೆ ಎಂದು ಅತ್ತೆ ಗದರಿದಳು.

ಈಗ ಹೇಳಿದರೆ ಅತ್ತೆ ಇವಳನ್ನು ಹೋಗಗೊಡುವುದಿಲ್ಲ, ಮರುವಾರವೇ ಸೀರೆ ಉಡಿಸುತ್ತಾಳೆ. ಸವತಿ ಬರುವುದು ಹದಿನೈದು ದಿನ ತಡವಾದರೆ ನನಗೇ ಒಳ್ಳೆಯದು. ಅದಕ್ಕೇ ಸುಮ್ಮನಿದ್ದೇನೆ. ಆ ಹುಡುಗಿಗಾಗಿ ನಾನೇಕೆ ಸುಳ್ಳು ಹೇಳಲಿ?

ಇವತ್ತು ಅವಳಿಗೆ ಎರಡು ಬಿಳಿ ಕುಪ್ಪಸ ಹೊಲಿದೆ.

ಜೂನ್ ೬, ಭಾನುವಾರ

ಅತ್ತೆ ಕಳ್ಳ ಕುಬಸ ಮಾಡಿದಳು. ದೊಡ್ಡ ಕುಬಸಕ್ಕೆ ಊರನ್ನೆಲ್ಲ ಕರೆಯುವ ಮೊದಲು, ದೃಷ್ಟಿಯಾಗದಿರಲೆಂದು ಬಾಗಿಲು ಹಾಕಿಕೊಂಡು ಬಸುರಿಗೆ ಹಸಿರು ಕುಪ್ಪಸ ತೊಡಿಸುವುದು. ತವರಿನವರು ಮಾಡಬೇಕಾದದ್ದು. "ನಿಮ್ಮವ್ವ ಇಲ್ಲ, ನಾ ಇದ್ದೀನಿ" ಎಂದಳು. ಕಣ್ಣು ಮಂಜಾದವಳು ಕೈಯಿಂದಲೇ ಹೊಲಿದಿದ್ದಾಳೆ, ಹೊಲಿಗೆ ಅಡ್ಡಾದಿಡ್ಡಿ. ಮುಂದೆ ಮೈ ತುಂಬುತ್ತದೆಂದು ಸಡಿಲ ಬಿಟ್ಟಿದ್ದಾಳೆ.

ಮಣೆಯ ಮೇಲೆ ಕೂತಾಗ ಎಲ್ಲ ಹೇಳಿಬಿಡಬೇಕೆನಿಸಿತು. ತೋಳು ಚಾಚಿ ತೊಡಿಸಿಕೊಂಡೆ. ಆ ಕುಬಸದ ಹೆಸರಿನಲ್ಲಿ ಕಳ್ಳ ಎಂಬುದಿದೆ, ತೊಟ್ಟವಳೂ ಕಳ್ಳಿ.

ಕುಂಕುಮ ಹಚ್ಚುವಾಗ ಚಂದಮ್ಮ ಒಳಗೇ ಇದ್ದಳು. ಗಂಡ ಸತ್ತವಳನ್ನು ಕರೆಯುವುದಿಲ್ಲ. ನಾನು ಕರೆದೆ.

"ಬ್ಯಾಡ, ಕೂಸಿಗಿ ಛಲೋ ಅಲ್ಲ" ಎಂದಳು ಅತ್ತೆ.

"ಆಕಿ ಹಚ್ಚಿದ್ರ ಕುಂದರ್ತೀನಿ. ಇಲ್ಲಂದ್ರ ಏಳ್ತೀನ್ರಿ."

ಚಂದವ್ವ ಹಚ್ಚುವಾಗ ಕುಂಕುಮ ಮೂಗಿನ ಮೇಲೆ ಉದುರಿತು. ಒರೆಸಿಕೊಳ್ಳಲಿಲ್ಲ.

ಜೂನ್ ೧೩, ಭಾನುವಾರ

ಬೆಳಿಗ್ಗೆ ರೊಟ್ಟಿ ನಾನೇ ಬಡಿದೆ, ಎಳ್ಳು ಹಚ್ಚಿ. ಇವರು ಟ್ರಂಕು ಹೊತ್ತರು. ಶಹಾಬಾದ ಸ್ಟೇಷನ್ನಿನಲ್ಲಿ ಚಂದವ್ವ ಮಾಮಾನ ಕಾಲಿಗೆ ಬಿದ್ದಳು. ಇವರು ಅವಳ ತಲೆ ಮುಟ್ಟಿ ನೀರು ತರುತ್ತೇನೆಂದು ಹೋದವರು ರೈಲು ಬರುವ ತನಕ ಬರಲಿಲ್ಲ.

"ಅತ್ತಿ, ನಾ ಹೋದ ಮ್ಯಾಲ ನಿಮಗೇನಾಗ್ತದ?"

ನನ್ನ ಮುಖವನ್ನೇ ನೋಡುತ್ತಿದ್ದಳು. ತಿಂಗಳುಗಟ್ಟಲೆ ನನ್ನ ಬಟ್ಟೆ ಒಗೆದವಳು, ಅವಳಿಗೆ ಎಷ್ಟು ಗೊತ್ತಿತ್ತೋ.

"ಏನಾಗ್ತದ? ಕೂಸಾಗ್ತದ" ಎಂದೆ. "ನೀ ಹತ್ತು ಮೊದಲ."

ರೈಲು ಹೋದ ಮೇಲೆ ನೋಡಿದರೆ ರೊಟ್ಟಿಯ ಗಂಟು ನನ್ನ ಕೈಯಲ್ಲೇ ಇತ್ತು.

ಜೂನ್ ೧೬, ಬುಧವಾರ

ದೊಡ್ಡ ಕುಬಸಕ್ಕೆ ಅತ್ತೆ ದಿನ ನೋಡಿಸಲು ಹೊರಟಿದ್ದಾಳೆ. ಇನ್ನು ತಡೆದರೆ ಊರೆಲ್ಲ ಸೇರುತ್ತದೆ.

ಶಾಲೆ ಬಿಟ್ಟು ವಾಡಿಗೆ ಹೋದೆ. ಜಂಕ್ಷನ್ನಿನ ಊರು, ಯಾರು ಯಾರನ್ನೂ ಕೇಳುವುದಿಲ್ಲ. ಔಷಧದ ಅಂಗಡಿಯಲ್ಲಿ ಗೊಲ್ಲಾಳಪ್ಪ ಕೊಟ್ಟಿದ್ದ ಗುಳಿಗೆಯ ಹೆಸರು ಹೇಳಿದೆ. ಬಸುರಿನ ಪರೀಕ್ಷೆಗೇನು ಎಂದ ಅಂಗಡಿಯವನು. ಹೌದು ಎಂದೆ. ಇಲ್ಲ ಎಂದು ಗೊತ್ತಿದ್ದೂ ಪರೀಕ್ಷೆ ಮಾಡಿಕೊಳ್ಳುವವಳು ನಾನೊಬ್ಬಳೇ ಇರಬೇಕು.

ಒಂದು ಅಲ್ಲಿಯೇ ನಲ್ಲಿಯ ನೀರಿನಲ್ಲಿ ನುಂಗಿದೆ.

ಜೂನ್ ೨೨, ಮಂಗಳವಾರ

ಶಾಲೆಯಲ್ಲಿದ್ದಾಗಲೇ ಕಾಣಿಸಿತು. ಹೊಟ್ಟೆ ನೋವೆಂದು ಹೇಳಿ ಟಾಂಗಾ ಮಾಡಿಸಿಕೊಂಡು ಶಹಾಬಾದಿಗೆ ಹೋದೆ. ಇವರಿಗೆ ಖಣಿಗೆ ಹೇಳಿಕಳಿಸಿದೆ. ಡಾಕ್ಟರಮ್ಮನಿಗೆ ಎಲ್ಲ ಬಿಚ್ಚಿ ಹೇಳಿ, ಹೋಯಿತು ಎಂದು ಮಾತ್ರ ಹೇಳಿರಿ ಎಂದು ಕೇಳಿಕೊಂಡೆ.

"ನಾ ಸುಳ್ಳು ಹೇಳಂಗಿಲ್ಲ ಬಾಯೋರ" ಎಂದಳು. ಪರದೆ ಎಳೆಯುತ್ತ, "ಯಾರರ ಕೇಳಿದ್ರ ತಾನೆ" ಎಂದಳು. ಸಂಜೆಯ ತನಕ ಮಲಗಲು ಕಾಟು ಕೊಟ್ಟಳು.

ಇವರು ಬಂದರು, ಏನೂ ಕೇಳಲಿಲ್ಲ. ತಿರುಗಿ ಬರುವಾಗ ಟಾಂಗಾದಲ್ಲಿ ಕುದುರೆಯ ಕಡೆ ನೋಡುತ್ತ, "ಕಪ್ಪಿ ಇಲ್ಲಂದಿತ್ತು" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಚಂದಿಗಿ ಕಾಟು ಕಿಟಕಿ ಬಾಜೂಕ ಸಿಕ್ಕದಂತ. ನಮ್ಮ ಖಣಿಯವ ಒಬ್ಬ ನೋಡಿ ಬಂದಾನ" ಎಂದರು. ಅಷ್ಟೇ.

ಬಾಗಿಲಲ್ಲಿ ಅತ್ತೆ ನನ್ನ ಮುಖ ನೋಡಿ ಒಳಗೆ ಹೋಗಿ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿದಳು.

ಜೂನ್ ೨೬, ಶನಿವಾರ

ಅತ್ತೆ ನನಗೆ ಬಾಣಂತನ ಮಾಡುತ್ತಿದ್ದಾಳೆ. ಬಿಸಿ ಬಿಸಿ ನೀರು ಹಾಕುತ್ತಾಳೆ, ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುತ್ತಾಳೆ, ಅಳವಿ ಬೀಜದ ಪಾಯಸ ಕುಡಿಸುತ್ತಾಳೆ. ಬೈಯುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನನಗೂ ಮೂರು ಹೋಗ್ಯಾವ" ಎಂದಳು ಇವತ್ತು, ಬಟ್ಟಲು ನನ್ನ ಕೈಗೆ ಕೊಡುತ್ತ. "ನಿನ್ನ ಗಂಡನ ಮೊದಲ. ನಮ್ಮತ್ತಿ ಒಂದಕ್ಕೂ ಅಳವಿ ಮಾಡಿ ಕೊಡ್ಲಿಲ್ಲ. ಮರುದಿನವೇ ಹೊಲಕ್ಕ ಕಳಸಿದ್ಳು."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಒಲೆಯ ಮುಂದೆ ಕೂತಿದ್ದೇವೆ, ಈ ಮಾತು ನನಗೆ ಗೊತ್ತಿರಲಿಲ್ಲ.

ಹಸಿರು ಕುಬಸ ಗೂಟದಲ್ಲಿತ್ತು. ಅದನ್ನು ತೆಗೆದು ಮಡಚುತ್ತ ಕೂತಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಶ್ರಾವಣ ಮುಗಿಯಲಿ, ಕುಂಚಾವರಂ ಕಡೆಯ ಒಂದು ಬಡವರ ಹುಡುಗಿ ಇದೆ, ತೆಲುಗು ಮಾತಾಡುತ್ತದೆ, ಆದರೂ ಗುಣವಂತೆ ಎಂದಳು. ನಿನಗೂ ಕೈಗೆ ಆಸರೆ ಎಂದಳು. ಸಿಟ್ಟಿನಿಂದ ಅನ್ನಲಿಲ್ಲ, ನನ್ನ ಕಾಲು ಒತ್ತುತ್ತ ಅಂದಳು.

"ತರ್ರಿ" ಎಂದೆ. ಮಾರ್ಚಿನಲ್ಲಿ ಈ ಮಾತಿಗೆ ಸಾಯುತ್ತಿದ್ದೆ.

ಆಮೇಲೆ ಮೆಲ್ಲಗೆ ಕೇಳಿದಳು.

"ಏನಿತ್ತು? ಗಂಡೇನು ಹೆಣ್ಣು? ಡಾಕ್ಟರಮ್ಮ ಹೇಳಿದ್ಳೇನು?"

"ಹೆಣ್ಣಿತ್ರಿ" ಎಂದೆ.

ಯಾಕೆ ಹಾಗೆಂದೆನೋ. ಒಂದು ಸುಳ್ಳು ಹೇಳಬೇಕಿತ್ತು, ಬಾಯಿಗೆ ಬಂದದ್ದು ಅಂದೆ. ಅಂದ ಮೇಲೆ ಅಳು ಬಂತು. ಡಾಕ್ಟರಮ್ಮ ಕೈ ತೊಳೆದು ಬಂದು ಕೂತಾಗ ಬಂದಿರಲಿಲ್ಲ, ವಾಡಿಯ ನಲ್ಲಿಯ ಮುಂದೆ ಬಂದಿರಲಿಲ್ಲ. ಈಗ ತಡೆಯಲಾಗಲಿಲ್ಲ. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವಳೂ ಅಳುತ್ತಿದ್ದಳು.

"ಹೋಗೂದಿತ್ತು, ಹೋದ್ಳು. ಅಳಬ್ಯಾಡ. ಎಲ್ಲೇ ಇರ್ಲಿ, ಸುಖದಿಂದಿರ್ಲಿ."

"ಹೂಂ ರೀ. ಸುಖದಿಂದಿರ್ಲಿ" ಎಂದೆ.

ಅಳವಿ ಆರಿ ಗಟ್ಟಿಯಾಗಿತ್ತು, ಆದರೂ ಕುಡಿದೆ. ನಾಳೆ ಭಾನುವಾರ. ಚಂದವ್ವ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾಳೋ ಇಲ್ಲವೋ.